ಕತೆ ರಿಜಿಸ್ಟರ್ ಮಾಡದಿದ್ರೆ ಹಕ್ಕಿಲ್ಲ ಅನ್ನೋದು ತಪ್ಪು

ಕಾಸರಗೋಡಿನ ನಮ್ಮ ಕತೆ ಬರಿಯುವವರ ಗ್ರೂಪಲ್ಲಿ "ರಿಜಿಸ್ಟರ್ ಮಾಡದ ಕತೆಗೆ ಕಾಪಿರೈಟ್ ಇಲ್ಲ, ಪತ್ರಿಕೆಗೆ ಕಳಿಸ್ಬೇಡಿ" ಅಂತ ಒಂದು ಮೆಸೇಜ್ ಓಡಾಡ್ತಾ ಉಂಟು, ಮೊನ್ನೆ ನಾನೂ ಹಿಂದೆಮುಂದೆ ನೋಡದೆ ಫಾರ್ವರ್ಡ್ ಮಾಡಿದ್ದೆ, ತಪ್ಪಾಯ್ತು ಮಾರಾಯ್ರೇ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಕತೆ ಬರೆದ ಕೂಡಲೇ ಹಕ್ಕು ಬರೆದವರದ್ದೇ, ರಿಜಿಸ್ಟ್ರೇಷನ್ ಅಂದ್ರೆ 45ನೇ ಸೆಕ್ಷನ್ನಲ್ಲಿ ಬೇಕಾದವರು ಮಾಡಿಸ್ಬಹುದು ಅಂತ ಉಂಟು ಅಷ್ಟೆ, ಕಡ್ಡಾಯ ಅಲ್ಲ, ನಾಳೆ ಕೇಸುಗೀಸು ಆದ್ರೆ ಸಾಕ್ಷಿಗೆ ಉಪಕಾರ ಆಗ್ತದೆ. ಬರೆದವರು ತೀರಿಹೋದ ಮೇಲೂ 60 ವರ್ಷ ಹಕ್ಕು ಇರ್ತದೆ. ಬರೀ ಐಡಿಯಾಕ್ಕೆ ಮಾತ್ರ ಇಲ್ಲ, ಹಾಗಾಗಿ ಚಾ ಕುಡಿಯುವಾಗ ಜಾಸ್ತಿ ಬಾಯಿ ಬಿಡ್ಬೇಡಿ!

ಬದಿಯಡ್ಕದ ಕಡೆಯ ಹುಡುಗಿಯೊಬ್ಳು ಅಡಿಕೆ ಸುಲಿಯುವ ಅಜ್ಜಿ ಬಗ್ಗೆ ಬರೆದ ಕತೆಯನ್ನು ಇದೇ ಮೆಸೇಜ್ ನೋಡಿ ನೋಟ್‌ಬುಕ್ಕಲ್ಲೇ ಇಟ್ಕೊಂಡಿದ್ದಾಳೆ. ದಯವಿಟ್ಟು ಇನ್ನು ಕಳಿಸ್ಬೇಡಿ, ನಾನು ಕಳಿಸಿದ್ದನ್ನೂ ಡಿಲೀಟ್ ಮಾಡಿ.