ರೊಟ್ಟಿ ತಿಂದು ಹಿಂಡಿಗೆ ಹಾರ ಹಾಕಿದ್ದು

ಯುಗಾದಿ ಮುಗಿದು ಎರಡು ವಾರಕ್ಕೆ ನಮ್ಮ ಕಾಕಾಗೆ ನೆಗಡಿ, ಕೆಮ್ಮು, ಸಣ್ಣ ಜ್ವರ. ಕಲಬುರಗಿಯ ಬಿಸಿಲು 42 ಡಿಗ್ರಿ. ಡಾಕ್ಟರು ಎದೆ ನೋಡಿದರು, ಗಂಟಲು ನೋಡಿದರು. "ವೈರಲ್ ಅದರಿ, ತಾನೇ ಹೋಗ್ತದ. ಜ್ವರ ಬಂದ್ರ ಪ್ಯಾರಾಸಿಟಮಾಲ್ ತಗೋರಿ, ನೀರು ಕುಡೀರಿ, ಮಲ್ಕೋರಿ. ಉಸಿರಿಗೆ ತ್ರಾಸ ಆದ್ರ ಮಾತ್ರ ಕೂಡ್ಲೇ ಬರ್ರಿ" ಅಂದರು. ಕಾಕಾಗೆ ಬೇಜಾರು. ಇನ್ನೂರು ರೂಪಾಯಿ ಕೊಟ್ಟು "ಮಲ್ಕೋರಿ" ಅನ್ನಿಸಿಕೊಂಡು ಬರಬೇಕಾ? ಸೂಜಿನೂ ಇಲ್ಲ, ಸಲೈನೂ ಇಲ್ಲ.

ಮನೆಗೆ ಬಂದರೆ "ಜೊತೆಗೆ" ಎಂಬುದು ಒಲೆಯ ಮೇಲೆ ಕುದಿಯುತ್ತಿತ್ತು. ಡಾಕ್ಟರ ಗುಳಿಗೆ ಇರಲಿ, ಜೊತೆಗೆ ಇಷ್ಟು ಕಾಡಾ, ಅಂದರೆ ಕಷಾಯ. 2020ರಲ್ಲಿ ಆಯುಷ್ ಸಚಿವಾಲಯ ಹೇಳಿದ ಲೆಕ್ಕ ಸರಳ: ತುಳಸಿ ನಾಲ್ಕು ಪಾಲು, ದಾಲ್ಚಿನ್ನಿ ಎರಡು, ಒಣಶುಂಠಿ ಎರಡು, ಕರಿಮೆಣಸು ಒಂದು. ನಮ್ಮ ಚಿಗವ್ವನ ಲೆಕ್ಕದಲ್ಲಿ ಮೆಣಸಿಗೆ ಪಾಲು ಇಲ್ಲ, ಮುಷ್ಟಿ. ಕಾಕಾ ಒಂದು ಲೋಟ ಇಳಿಸಿದ ಕೂಡಲೇ ಹಣೆ, ಕುತ್ತಿಗೆ, ಬನಿಯನ್ ಎಲ್ಲ ತೊಯ್ದು ಹೋಯಿತು. "ನೋಡು, ವೈರಸ್ ಹೊರಗ ಬರ್ಲಿಕತ್ತದ" ಅಂದಳು ಚಿಗವ್ವ. ಕಾಡಾ ಕುಡಿಯದ ನಾನೂ ಅಷ್ಟೇ ಬೆವರುತ್ತಿದ್ದೆ. ಕರೆಂಟ್ ಹೋಗಿತ್ತು.

ಆಮೇಲೆ ಅಜವಾನದ ಹಬೆ. ಮೂಗಿಗೆ ಎಳ್ಳೆಣ್ಣೆ. ರಾತ್ರಿ ಅರಿಶಿನ ಹಾಲು. ಮಗ್ಗಲು ಮನೆಯವರು ಕೊಟ್ಟ ಆಯುಷ್-64.

ಈ ಆಯುಷ್-64ರ ಸರ್ವಿಸ್ ರೆಕಾರ್ಡ್ ನೋಡಬೇಕು ನೀವು. 1980ರಲ್ಲಿ ಮಲೇರಿಯಾಕ್ಕೆಂದು ನೌಕರಿಗೆ ಸೇರಿದ ಗುಳಿಗೆ. 2021ರ ಏಪ್ರಿಲ್‌ನಲ್ಲಿ ಕೊರೊನಾಕ್ಕೆ ಡೆಪ್ಯುಟೇಶನ್. ಸೌಮ್ಯ ಮತ್ತು ಮಧ್ಯಮ ಕಾಯಿಲೆಗೆ, ಮಾಮೂಲು ಚಿಕಿತ್ಸೆಯ ಜೊತೆಗೆ, ಅಂತ ಆರ್ಡರು. (ವರ್ಗಾವಣೆಯ ವಿಷಯ ಕಲಬುರಗಿಯವರಿಗೆ ಹೇಳಿಕೊಡಬೇಕಾ? ಬೇರೆ ಊರಲ್ಲಿ ತಪ್ಪು ಮಾಡಿದವರನ್ನೆಲ್ಲ ಇಲ್ಲಿಗೇ ಕಳಿಸುತ್ತಾರೆ.) ಅದರೊಳಗೆ ಹಾಲೆ ಮರದ ತೊಗಟೆ, ಕಟುಕರೋಹಿಣಿ, ಕಿರಾತಕಡ್ಡಿ ಮತ್ತು ಗಜಗ ಇವೆ. ಹೌದು, ನಾವು ಸಣ್ಣವರಿದ್ದಾಗ ಆಡುತ್ತಿದ್ದ ಅದೇ ಗಜಗ.

ಆರನೇ ದಿನ ಕಾಕಾ ಎದ್ದು ಕೂತು ಎರಡು ಜೋಳದ ರೊಟ್ಟಿ ತಿಂದರು. ಅಲ್ಲಿಂದ ಶುರುವಾಯಿತು ಜಗಳ. ಕಾಡಾದಿಂದ ಅಂತ ಚಿಗವ್ವ. ಗುಳಿಗೆಯಿಂದ ಅಂತ ಮಗ್ಗಲು ಮನೆಯವರು. ಡಾಕ್ಟರ ಹೆಸರು ಬಂದದ್ದು ಒಂದೇ ಸಲ: "ಆ ಇಂಗ್ಲಿಷ್ ಗುಳಿಗಿಯಿಂದ ಹೀಟ್ ಆಗಿ ಬಾಯಾಗ ಹುಣ್ಣಾಗ್ಯಾದ." ಮುಷ್ಟಿ ಮೆಣಸಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಕಾಕಾನ ಮೈ ತಾನೇ ಹೊಡೆದಾಡಿ ಗೆದ್ದಿರಬಹುದು ಎಂಬ ಮಾತಂತೂ ಕಾಕಾನಿಗೇ ಹಿಡಿಸಲಿಲ್ಲ.

ಅದೇ ವಾರ ಕಾಕಾನ ಮಗನಿಗೂ ಅದೇ ನೆಗಡಿ. ಅವನು ಕಾಡಾ ವಾಸನೆಗೇ ಓಡಿಹೋದ, ಐದೇ ದಿನಕ್ಕೆ ಆರಾಮಾದ. ನಾನು ಇದನ್ನು ಸಭೆಯ ಮುಂದಿಟ್ಟೆ. "ಅವ ವಯಸ್ಸಿನ ಹುಡುಗ, ಅವನ ಲೆಕ್ಕ ಬ್ಯಾರೆ" ಅಂದರು. ಹೀಗೆ ನಮ್ಮ ಮನೆಯ ಸಂಶೋಧನೆಯಲ್ಲಿ ಹೋಲಿಸಿ ನೋಡಲು ಇದ್ದ ಒಬ್ಬನೇ ಒಬ್ಬನನ್ನು ಹೊರಗೆ ಹಾಕಲಾಯಿತು. ನಗಬೇಡಿ. ಕೊರೊನಾ ಕಾಲದ ಎಷ್ಟೋ "ಜೊತೆಗೆ" ಪ್ರಯೋಗಗಳಲ್ಲಿ ಯಾರು ಗಿಡಮೂಲಿಕೆ ನುಂಗುತ್ತಿದ್ದಾರೆ ಅನ್ನುವುದು ರೋಗಿಗೂ ಗೊತ್ತು, ಡಾಕ್ಟರಿಗೂ ಗೊತ್ತು. ಆಮೇಲೆ "ಹ್ಯಾಂಗ ಅನಿಸ್ಲಿಕತ್ತದ?" ಅಂತ ಕೇಳಿದರೆ ಇನ್ನೇನು ಅನ್ನುತ್ತಾರೆ? ಬೀಗರ ಮನೆಯಲ್ಲಿ ಉಂಡು ಅಡುಗೆ ಹೇಗಿತ್ತು ಅಂದಂಗೆ.

ಕಾಡಾ ಕುಡಿದವರನ್ನು ನಾನು ಹಂಗಿಸುತ್ತಿಲ್ಲ. ಕೊರೊನಾದಿಂದ ದೇಶದಲ್ಲಿ ಮೊದಲು ತೀರಿಕೊಂಡವರು ನಮ್ಮೂರಿನ 76 ವರ್ಷದ ಹಿರಿಯರು, 2020ರ ಮಾರ್ಚ್ 10ರಂದು. ಆ ದಿನಗಳಲ್ಲಿ ಈ ಊರಲ್ಲಿ ಇದ್ದವರಿಗೆ ಆ ಹೆದರಿಕೆ ಗೊತ್ತು. ಯಾರು ಏನು ಕೊಟ್ಟರೂ ಕುಡಿದೆವು. ನಾನೂ ಕುಡಿದೆ. ಬಿಸಿ ನೀರಿಗೆ ಗಂಟಲು ಹಿತವಾಗುತ್ತದೆ, ಅದನ್ನು ಯಾರೂ ಅಲ್ಲ ಅನ್ನುವುದಿಲ್ಲ.

ಆದರೆ ಕಿಟ್ ಹಂಚಿದವರ ವಿಷಯ ಬೇರೆ. ನಮ್ಮ ಓಣಿಯ ಸಮುದಾಯ ಭವನದಲ್ಲಿ "ರೋಗನಿರೋಧಕ ಕಿಟ್" ವಿತರಣೆ ಇತ್ತು. ಕಿಟಕಿ ಮುಚ್ಚಿದ್ದವು, ಫ್ಲೆಕ್ಸ್‌ಗೆ ಗಾಳಿ ಬಡಿಯಬಾರದಲ್ಲ. ಭಾಷಣ ಒಂದೂವರೆ ತಾಸು. ಹೋಗುವಾಗ ಕೆಮ್ಮುತ್ತಿದ್ದವರು ನಾಲ್ಕು ಮಂದಿ, ಕಿಟ್ ಬೇಕಾಗುವಂತಾಗಿ ಹೊರಗೆ ಬಂದವರು ಹಾಲ್ ತುಂಬ. ಕಿಟ್‌ನೊಳಗಿನ ಚೀಟಿಯಲ್ಲಿ ಹನ್ನೊಂದು ಫೋಟೋ. ಎಷ್ಟು ಸಲ ತಗೋಬೇಕು ಅನ್ನುವುದು ಸಾಸಿವೆಯಷ್ಟು ಅಕ್ಷರದಲ್ಲಿ. ಎಲ್ಲಕ್ಕಿಂತ ಕೆಳಗೆ, "ಜೊತೆಗೆ ವೈದ್ಯರ ಸಲಹೆಯನ್ನೂ ಪಡೆಯಿರಿ." ಅಂದರೆ ಈಗ ಡಾಕ್ಟರೇ ಜೊತೆಗೆ! ರೊಟ್ಟಿ ಹೋಗಿ, ನಂಚಿಕೊಳ್ಳುವ ಶೇಂಗಾ ಹಿಂಡಿಯ (ಚಟ್ನಿಪುಡಿಯ) ಪಕ್ಕದಲ್ಲಿ ಕೂತಿತ್ತು.

"ಜೊತೆಗೆ ತಾನೇ, ಏನಾಗ್ತದ?" ಅನ್ನುವವರಿಗೆ ನಮ್ಮ ಕಂಪೌಂಡ್ ತೋರಿಸಬೇಕು. ಅಲ್ಲೊಂದು ಅಮೃತಬಳ್ಳಿ ಇತ್ತು, ಓಣಿಯವರೆಲ್ಲ ಹರಿದುಕೊಂಡು ಹೋಗಿ ಬರೀ ಗೋಡೆ ಉಳಿದಿದೆ. 2021ರಲ್ಲಿ ಮುಂಬೈಯ ವೈದ್ಯರು ಅಮೃತಬಳ್ಳಿ ಸೇವಿಸಿದ ಆರು ಮಂದಿಯ ಲಿವರ್‌ಗೆ ಪೆಟ್ಟು ಬಿದ್ದದ್ದನ್ನು ವರದಿ ಮಾಡಿದರು. ಅದು ಅಮೃತಬಳ್ಳಿಯೇ ಅಲ್ಲದಿರಬಹುದು, ಅದರಂತೆಯೇ ಕಾಣುವ ಇನ್ನೊಂದು ಬಳ್ಳಿ ಇರಬಹುದು ಅಂತ ಆಯುಷ್ ಸಚಿವಾಲಯ ಅಂದಿತು. ಸರಿ. ನಮ್ಮ ಕಂಪೌಂಡಿನ ಬಳ್ಳಿಯ ಆಧಾರ್ ಕಾರ್ಡ್ ಯಾರು ನೋಡಿದ್ದರು?

ಮೊನ್ನೆ ಚಿಗವ್ವನಿಗೇ ನೆಗಡಿ ಹತ್ತಿತು. ಸಂಜೆ ನನ್ನನ್ನು ಅಡುಗೆಮನೆಗೆ ಕರೆದಳು. ಮೂಗು ಕೆಂಪಗಾಗಿತ್ತು.

"ನಿಮ್ಮ ಕಾಕಾಂದು ಆ ಡಾಕ್ಟರ್ ಗುಳಿಗಿ ಒಂದೆರಡು ಉಳಿದಾವೇನು ನೋಡಪಾ."

ತಂದು ಕೊಟ್ಟೆ. "ಜೊತೆಗೆ ಕಾಡಾ ಇಡ್ಲೇನು?" ಅಂದೆ.

"ಬ್ಯಾಡೋ, ಈ ಬಿಸಲಾಗ ಅದನ್ನ ಯಾರ್ ಕುಡೀತಾರ."