ಹದಿನೈದನೆಯ ಅಂಕಿ

ಹಳೆಯ ಮೊಬೈಲ್ ಮಾರುವವರೆಲ್ಲ ಒಂದೇ ಗರಡಿಯಲ್ಲಿ ಪಳಗಿದವರು. ‘ಒಮ್ಮೆಯೂ ಬಿದ್ದಿಲ್ಲ, ಬಿಚ್ಚಿಸಿಲ್ಲ, ಹೊಸದೇ ಅನ್ನಿ’ ಎಂದು ಉಸಿರು ಬಿಡದೆ ಒಪ್ಪಿಸುತ್ತಾರೆ. ನಾವು *#06# ಒತ್ತಿ, ತೆರೆಯ ಮೇಲೆ ಮೂಡಿದ ಐಎಂಇಐಯನ್ನು, ಅಂದರೆ ಒಂದೊಂದು ಫೋನಿಗೂ ಬೇರೆಯೇ ಇರುವ ಹದಿನೈದು ಅಂಕಿಯ ಗುರುತಿನ ಸಂಖ್ಯೆಯನ್ನು, ಪೆಟ್ಟಿಗೆಯ ಚೀಟಿಯೊಂದಿಗೆ ತಾಳೆ ನೋಡತೊಡಗಿದರೆ ಸಾಕು, ಹುಬ್ಬು ಗಂಟಿಕ್ಕುತ್ತದೆ. ‘ಏನು, ನಂಬಿಕೆ ಇಲ್ಲವೇ?’ ಇಲ್ಲ. ಮುಖ ನೋಡಿ ಮಣೆ ಹಾಕುವ ವಯಸ್ಸು ನನಗೆ ದಾಟಿದೆ.

ಆ ಸಂಖ್ಯೆಯಲ್ಲಿ ನನಗೆ ಮೋಹವಿರುವುದು ಕೊನೆಯ ಅಂಕಿಯ ಮೇಲೆ. ಮೊದಲ 8 ಅಂಕಿಗಳು ಫೋನಿನ ಮಾದರಿ ಹೇಳುತ್ತವೆ, ಮುಂದಿನ 6 ಅದರ ಕ್ರಮಸಂಖ್ಯೆ. ಹದಿನೈದನೆಯದು ತನ್ನದೆಂದು ಏನನ್ನೂ ಹೇಳದೆ ಉಳಿದ ಹದಿನಾಲ್ಕನ್ನು ಕಾಯುತ್ತ ಕೂತಿರುತ್ತದೆ. ಈ ಕಾವಲಿನ ಲೆಕ್ಕ ಕಟ್ಟಿದವನು ಐಬಿಎಂನಲ್ಲಿದ್ದ ಹಾನ್ಸ್ ಪೀಟರ್ ಲೂನ್. 1954ರಲ್ಲಿ ಅರ್ಜಿ ಹಾಕಿದವನಿಗೆ ಪೇಟೆಂಟ್ ಸಿಕ್ಕಿದ್ದು 1960ರಲ್ಲಿ, ಅದೂ ಕೈಯಲ್ಲಿ ಹಿಡಿಯುವಂಥ ಒಂದು ಯಂತ್ರಕ್ಕೆ. ಅದಕ್ಕೂ ಮುಂಚೆ ಆತ ಜವಳಿ ಉದ್ಯಮದಲ್ಲಿದ್ದ. ಬಟ್ಟೆಯ ಮೇಲಿಟ್ಟರೆ ಎಳೆ ಎಷ್ಟೆಂದು ತೋರಿಸುವ ಗೆರೆಪಟ್ಟಿಯೊಂದನ್ನು ಮಾಡಿದ. ಗೆರೆಗಳೂ ಎಳೆಗಳೂ ಒಂದರ ಮೇಲೊಂದು ಬಿದ್ದು ಅಲೆಯಂತೆ ಮೂಡುವ ಚಿತ್ತಾರವೇ ಲೆಕ್ಕ ಹೇಳಿಬಿಡುತ್ತಿತ್ತು. ಮನೆಯಲ್ಲಿರುವ ಬಾಟಲಿಗಳಿಂದ ಯಾವ ಕಾಕ್ಟೇಲ್ ಬೆರೆಸಬಹುದೆಂದು ತಿಳಿಸುವ ಸಾಧನವೂ ಅವನದೇ. ಇಂಥ ತಲೆಯವನು ನನಗೆ ನೆರೆಯವನಾಗಿರಬೇಕಿತ್ತು. ನನ್ನ ನೆರೆಯವರು ಹಾರ್ನ್ ಮಾತ್ರ ಬಲ್ಲವರು.

ಲೆಕ್ಕ ಸುಲಭ. ಎಡದಿಂದ ಎರಡನೆಯದು, ನಾಲ್ಕನೆಯದು ಹೀಗೆ ಒಂದು ಬಿಟ್ಟು ಒಂದು ಅಂಕಿಯನ್ನು ಇಮ್ಮಡಿಸುವುದು, ಎರಡಂಕಿ ಬಂದರೆ ಅವನ್ನು ಒಟ್ಟುಗೂಡಿಸುವುದು, ಕೊನೆಗೆ ಹದಿನೈದರ ಮೊತ್ತ ಹತ್ತರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಒಂದೇ ಒಂದು ಅಂಕಿ ತಪ್ಪಿದ್ದರೂ ಸಿಕ್ಕಿಬೀಳುತ್ತದೆ. 09 ಬರೆಯುವಲ್ಲಿ 90 ಬರೆದರೆ ಮಾತ್ರ ಕಾವಲುಗಾರನಿಗೆ ಜೊಂಪು. ಮಾರುವವನ ಎದುರೇ ಚೀಟಿಯ ಹಿಂಬದಿಯಲ್ಲಿ ನಾನು ಇದನ್ನು ನಿಧಾನವಾಗಿ ಮಾಡುತ್ತೇನೆ. ಅವನು ಕಾಲು ಬದಲಿಸುತ್ತಾನೆ, ಗಡಿಯಾರ ನೋಡುತ್ತಾನೆ. ಆ ಸುಖವನ್ನು ನಾನೇಕೆ ಬಿಡಲಿ?

ಇಷ್ಟಾಗಿಯೂ, ಅಸಲಿ ಫೋನಿನ ಸಂಖ್ಯೆಯನ್ನೇ ನಕಲಿಗೆ ತುಂಬಿದ್ದರೆ ಲೆಕ್ಕ ತಪ್ಪದೆ ಹೊಂದುತ್ತದೆ. ಕದ್ದ ಮಾಲಿನದೂ ಹಾಗೆಯೇ. ಲೂನ್ ಬಲೆ ಬೀಸಿದ್ದು ಕೈತಪ್ಪಿಗೆ. ಕೈಚಳಕದ ಗೊಡವೆಗೆ ಅವನು ಹೋಗಲಿಲ್ಲ. ತೆರೆಯ ಅಂಚಿನಲ್ಲಿ ಉಕ್ಕಿದ ಗೋಂದು, ತಿರುಪಿನ ತಲೆಯ ಗೀರು, ಹಳೆಯ ಒಡೆಯನ ಪಾಸ್‌ವರ್ಡ್ ಕೇಳುತ್ತ ಹಠ ಹಿಡಿಯುವ ಫೋನು ಇವುಗಳ ಬಗ್ಗೆ ಬರೆಯಲೆಂದೇ ಕೂತಿದ್ದೆ, ಜಾಗವನ್ನೆಲ್ಲ ಲೂನ್ ನುಂಗಿದ. ಹಿಂಬದಿಯ ಕವಚ ತೆಗೆದು ತೋರಿಸಲು ಒಪ್ಪದವನೊಡನೆ ಅಂಕಗಣಿತವೂ ದಂಡ, ಎದ್ದು ಬನ್ನಿ.