ಪಿಚರ್ ಕೈಯಿಂದ ಬ್ಯಾಟ್ ಕಿತ್ತುಕೊಂಡ ಮೇಲೆ

ಐಪಿಎಲ್‌ಗೆ ಇಂಪ್ಯಾಕ್ಟ್ ಪ್ಲೇಯರ್ ಬಂದಿದ್ದು 2023ರಲ್ಲಿ. ಅವತ್ತಿನಿಂದ ನನ್ನ ಗೆಳೆಯರಲ್ಲಿ ಎರಡು ಪಕ್ಷ. ಬೌಲರ್‌ನನ್ನು ಕೂರಿಸಿ ಬ್ಯಾಟರ್‌ನನ್ನು ಇಳಿಸಿದರೆ ಮಜಾ ಜಾಸ್ತಿ ಅನ್ನುವವರು ಕೆಲವರು. ಆಲ್‌ರೌಂಡರ್‌ಗಳ ಕಥೆ ಮುಗಿಯಿತು ಅನ್ನುವವರು ಇನ್ನು ಕೆಲವರು. ರೋಹಿತ್ ಶರ್ಮಾ ಕೂಡ 2024ರಲ್ಲಿ ಈ ನಿಯಮ ತನಗೆ ಅಷ್ಟಾಗಿ ಹಿಡಿಸಿಲ್ಲ ಅಂತ ಹೇಳಿದರು. ಈ ಜಗಳ ಓದಿದಾಗಲೆಲ್ಲ ನನಗೆ ಬೇಸ್‌ಬಾಲ್ ನೆನಪಾಗುತ್ತದೆ. ಅಲ್ಲಿ ಇದೇ ಜಗಳ ಸುಮಾರು ಐವತ್ತು ವರ್ಷ ನಡೆಯಿತು. ಕೊನೆಗೆ ನಾನು ನಂಬಿದ್ದ ಪಕ್ಷ ಸೋತಿತು. ಅದು ನನಗೆ ಇವತ್ತಿಗೂ ಬೇಜಾರು. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಾನಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ನಾನು ಬಂದ ಹೊಸತರಲ್ಲಿ ಇಲ್ಲಿ ಎರಡು ದೊಡ್ಡ ತಂಡಗಳಿದ್ದವು. ಕೊಲ್ಲಿಯ ಆಚೆ ದಡದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್, ಈಚೆ ದಡದಲ್ಲಿ ಓಕ್ಲೆಂಡ್ ಅಥ್ಲೆಟಿಕ್ಸ್. ಇಲ್ಲಿನ ದೊಡ್ಡ ತಂಡಗಳೆಲ್ಲ ಎರಡು ಲೀಗ್‌ಗಳಲ್ಲಿ ಹಂಚಿಹೋಗಿವೆ: ಜೈಂಟ್ಸ್ ನ್ಯಾಷನಲ್ ಲೀಗ್‌ನವರು, ಓಕ್ಲೆಂಡ್ ಅಮೆರಿಕನ್ ಲೀಗ್‌ನವರು. ಜೈಂಟ್ಸ್ ಮೈದಾನದಲ್ಲಿ ಪಿಚರ್ (ಚೆಂಡು ಎಸೆಯುವವನು, ನಮ್ಮ ಬೌಲರ್ ಇದ್ದ ಹಾಗೆ) ಕೂಡ ತನ್ನ ಸರದಿ ಬಂದಾಗ ಬ್ಯಾಟ್ ಹಿಡಿದು ಬರಬೇಕಿತ್ತು. ಓಕ್ಲೆಂಡ್‌ನಲ್ಲಿ ಪಿಚರ್ ಬದಲಿಗೆ ಬ್ಯಾಟಿಂಗ್‌ಗಷ್ಟೇ ಒಬ್ಬ ಬರುತ್ತಿದ್ದ. ಅವನಿಗೆ ಡೆಸಿಗ್ನೇಟೆಡ್ ಹಿಟರ್ ಅಂತ ಹೆಸರು, ಚಿಕ್ಕದಾಗಿ ಡಿಎಚ್. ನಡುವೆ ಒಂದು ಸೇತುವೆ ಅಷ್ಟೇ. ಆಟ ಒಂದೇ, ನಿಯಮ ಎರಡು. ನಾನು ಎರಡೂ ಕಡೆ ಹೋಗಿ ನೋಡುತ್ತಾ ಬೇಸ್‌ಬಾಲ್ ಕಲಿತೆ. ಹಾಗಾಗಿ ವ್ಯತ್ಯಾಸ ನನಗೆ ಪುಸ್ತಕದಿಂದ ಗೊತ್ತಾಗಿದ್ದಲ್ಲ.

ಬೇಸ್‌ಬಾಲ್ ನೋಡದವರಿಗೆ ಎರಡು ಮಾತು. ತಂಡದಲ್ಲಿ ಒಂಬತ್ತು ಜನ. ಬ್ಯಾಟಿಂಗ್ ಕ್ರಮ ಆಟದ ಮೊದಲೇ ಬರೆದುಕೊಡಬೇಕು. ಒಂಬತ್ತನೆಯವನು ಆಡಿದ ಮೇಲೆ ಮತ್ತೆ ಒಂದನೆಯವನು, ಹೀಗೆ ಸುತ್ತುತ್ತಲೇ ಇರುತ್ತದೆ. ಇನ್ನೊಂದು ಮುಖ್ಯ ವಿಷಯ: ಒಬ್ಬನನ್ನು ಹೊರಗೆ ಕರೆದರೆ ಮುಗೀತು, ಅವನು ಆ ಆಟಕ್ಕೆ ವಾಪಸ್ ಬರುವ ಹಾಗಿಲ್ಲ. ಈ ಎರಡು ನಿಯಮ ಸೇರಿದಾಗ ಏನಾಗುತ್ತಿತ್ತು ಅನ್ನುವುದೇ ನನ್ನ ಇಡೀ ವಾದ.

ಒಂದು ಸನ್ನಿವೇಶ ಯೋಚನೆ ಮಾಡಿ. ಒಂಬತ್ತರಲ್ಲಿ ಆರನೇ ಇನಿಂಗ್. ಸ್ಕೋರ್ 1-1. ಜೈಂಟ್ಸ್ ಬ್ಯಾಟಿಂಗ್, ಇಬ್ಬರು ಔಟ್, ಇನ್ನೊಬ್ಬ ಔಟಾದರೆ ಅವರ ಸರದಿ ಮುಗೀತು. ಎರಡನೇ ಬೇಸ್‌ನಲ್ಲಿ ಒಬ್ಬ, ಮೂರನೇ ಬೇಸ್‌ನಲ್ಲಿ ಒಬ್ಬ; ಅಲ್ಲಿಂದ ಓಡಿ ಬ್ಯಾಟ್ ಮಾಡಿದ ಜಾಗ ಮುಟ್ಟಿದರೆ ರನ್. ಬ್ಯಾಟಿಂಗ್‌ಗೆ ಬಂದಿರುವವನು ಎಂಟನೆಯವನು. ಎದುರಾಳಿಗಳು ಅವನಿಗೆ ಬೇಕಂತಲೇ ವಾಕ್ ಕೊಟ್ಟು, ಅಂದರೆ ಹೊಡೆಯಲು ಬಿಡದೆ, ಮೊದಲನೇ ಬೇಸ್‌ಗೆ ಕಳಿಸುತ್ತಾರೆ. ಯಾಕೆಂದರೆ ಒಂಬತ್ತನೆಯವನು ಪಿಚರ್. ಈಗ ಮೂರೂ ಬೇಸ್ ತುಂಬಿದೆ, ಬ್ಯಾಟ್ ಹಿಡಿಯಬೇಕಾದವನು ಇವತ್ತು ಅದ್ಭುತವಾಗಿ ಎಸೆಯುತ್ತಿರುವ ಪಿಚರ್. ಎಪ್ಪತ್ತೇ ಪಿಚ್ ಎಸೆದಿದ್ದಾನೆ, ಇನ್ನೂ ಎರಡು ಇನಿಂಗ್ ಆರಾಮಾಗಿ ಎಸೆಯಬಲ್ಲ.

ಮ್ಯಾನೇಜರ್ ಏನು ಮಾಡಬೇಕು? ಪಿಚರ್‌ನನ್ನೇ ಬ್ಯಾಟಿಂಗ್‌ಗೆ ಬಿಟ್ಟರೆ ಬಹುತೇಕ ಔಟ್, ಇಷ್ಟು ಒಳ್ಳೆಯ ಅವಕಾಶ ಹೋಯಿತು. ಪಿಂಚ್ ಹಿಟರ್‌ನನ್ನು, ಅಂದರೆ ಅವನ ಬದಲಿಗೆ ಬೇರೆ ಬ್ಯಾಟರ್‌ನನ್ನು ಕಳಿಸಿದರೆ ರನ್ ಬರಬಹುದು, ಆದರೆ ಚೆನ್ನಾಗಿ ಎಸೆಯುತ್ತಿದ್ದ ಪಿಚರ್ ಹೊರಗೆ. ಉಳಿದ ಮೂರು ಇನಿಂಗ್ ಬುಲ್‌ಪೆನ್‌ನಲ್ಲಿ ಕೂತಿರುವ ಬದಲಿ ಪಿಚರ್‌ಗಳ ಮೇಲೆ. ನಿನ್ನೆ ಅವರಲ್ಲಿ ಇಬ್ಬರು ಜಾಸ್ತಿ ಎಸೆದು ಸುಸ್ತಾಗಿದ್ದಾರೆ. ನಾಳೆಯೂ ಆಟ ಇದೆ. ಹೊಸ ಪಿಚರ್ ಬಂದರೆ ಅವನ ಬ್ಯಾಟಿಂಗ್ ಸರದಿ ಯಾವಾಗ ಬರುತ್ತದೆ? ಮುಂದೆ ಮತ್ತೆ ಪಿಚರ್ ಬದಲಿಸುವಾಗ ಆ ಒಂಬತ್ತನೇ ಸರದಿ ಹತ್ತಿರ ಬಂದಿದ್ದರೆ, ಅದೇ ಹೊತ್ತಿಗೆ ಒಬ್ಬ ಫೀಲ್ಡರ್‌ನನ್ನೂ ಬದಲಿಸಿ, ಹೊಸ ಪಿಚರ್‌ನನ್ನು ಆ ಫೀಲ್ಡರ್ ಜಾಗದಲ್ಲಿ, ಹೊಸ ಫೀಲ್ಡರ್‌ನನ್ನು ಒಂಬತ್ತನೇ ಜಾಗದಲ್ಲಿ ಹಾಕಬೇಕು. ಇದಕ್ಕೆ ಡಬಲ್ ಸ್ವಿಚ್ ಅನ್ನುತ್ತಾರೆ. ಆದರೆ ಆಗ ಒಬ್ಬ ಒಳ್ಳೆಯ ಬ್ಯಾಟರ್ ಕೂಡ ಹೊರಗೆ ಹೋಗುತ್ತಾನೆ. ಆಟ ಹತ್ತು, ಹನ್ನೊಂದನೇ ಇನಿಂಗ್‌ಗೆ ಹೋದರೆ ಅವನು ಬೇಕಾಗುತ್ತಿದ್ದ.

ಇಷ್ಟೆಲ್ಲ ಯೋಚನೆ ಒಂದೆರಡು ನಿಮಿಷದಲ್ಲಿ. ಮೈದಾನದಲ್ಲಿ ನಲವತ್ತು ಸಾವಿರ ಜನ ಅದನ್ನೇ ಯೋಚನೆ ಮಾಡುತ್ತಿರುತ್ತಾರೆ. ಪಕ್ಕದ ಸೀಟಿನ ಅಜ್ಜ, ಹಿಂದಿನ ಸೀಟಿನ ಹುಡುಗಿ, ಎಲ್ಲರಿಗೂ ಒಂದೊಂದು ಅಭಿಪ್ರಾಯ. ನನಗೆ ಬೇಸ್‌ಬಾಲ್ ಮೇಲೆ ಪ್ರೀತಿ ಹುಟ್ಟಿದ್ದೇ ಆ ನಿಮಿಷಗಳಲ್ಲಿ. ಚೆಂಡು ಎಲ್ಲೂ ಹೋಗುತ್ತಿಲ್ಲ, ಯಾರೂ ಓಡುತ್ತಿಲ್ಲ, ಆದರೂ ಎದೆ ಡವಡವ ಅನ್ನುತ್ತಿತ್ತು.

ಓಕ್ಲೆಂಡ್ ಮೈದಾನದಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಪಿಚರ್ ಸುಸ್ತಾದರೆ ಬದಲಿಸು, ಇಲ್ಲವಾದರೆ ಬಿಡು. ಬ್ಯಾಟಿಂಗ್ ಲೆಕ್ಕವೇ ಬೇರೆ, ಪಿಚಿಂಗ್ ಲೆಕ್ಕವೇ ಬೇರೆ. ಒಂದು ಕಡೆ ಪಡೆದುಕೊಂಡರೆ ಇನ್ನೊಂದು ಕಡೆ ಬಿಟ್ಟುಕೊಡಬೇಕು ಅನ್ನುವ ಗಂಟು ಅಲ್ಲಿ ಇಲ್ಲ. ಡಿಎಚ್ ಬಿಚ್ಚಿ ಹಾಕಿದ್ದು ಆ ಗಂಟನ್ನು.

ಈ ನಿಯಮ ಹುಟ್ಟಿದ್ದಕ್ಕೆ ಕಾರಣ ಇತ್ತು, ಇಲ್ಲ ಅನ್ನುವುದಿಲ್ಲ. 1968ರಲ್ಲಿ ಪಿಚರ್‌ಗಳು ಎಷ್ಟು ಮೇಲುಗೈ ಸಾಧಿಸಿದರೆಂದರೆ ಸೇಂಟ್ ಲೂಯಿಸ್‌ನ ಬಾಬ್ ಗಿಬ್ಸನ್ ಒಂಬತ್ತು ಇನಿಂಗ್‌ಗೆ ಸರಾಸರಿ 1.12 ರನ್ ಮಾತ್ರ ಕೊಟ್ಟರು. ಅಮೆರಿಕನ್ ಲೀಗ್‌ನಲ್ಲಿ ಆ ವರ್ಷ .301 ಸರಾಸರಿಯಲ್ಲಿ, ಅಂದರೆ ನೂರು ಸಲಕ್ಕೆ ಸುಮಾರು ಮೂವತ್ತು ಹಿಟ್ (ಹೊಡೆದು ಬೇಸ್ ಮುಟ್ಟುವುದು) ಹೊಡೆದ ಕಾರ್ಲ್ ಯಸ್ಟ್ರೆಮ್ಸ್ಕಿಯೇ ಬ್ಯಾಟಿಂಗ್‌ನಲ್ಲಿ ಮೊದಲಿಗ. ಮರುವರ್ಷ ಪಿಚರ್ ನಿಲ್ಲುವ ದಿಬ್ಬವನ್ನು 15 ಇಂಚಿನಿಂದ 10 ಇಂಚಿಗೆ ಇಳಿಸಿದರು. ಅದೂ ಸಾಲಲಿಲ್ಲ. ಅಮೆರಿಕನ್ ಲೀಗ್‌ಗೆ ರನ್ನೂ ಕಡಿಮೆ, ಜನರೂ ಕಡಿಮೆ. ಓಕ್ಲೆಂಡ್ ತಂಡದ ಮಾಲೀಕ ಚಾರ್ಲಿ ಫಿನ್ಲಿ ಡಿಎಚ್ ಬೇಕು ಅಂತ ಹಟ ಹಿಡಿದವರಲ್ಲಿ ಮುಖ್ಯರು. 1973ರ ಏಪ್ರಿಲ್ 6ರಂದು ಬಾಸ್ಟನ್‌ನ ಫೆನ್‌ವೇ ಪಾರ್ಕ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್‌ನ ರಾನ್ ಬ್ಲೂಮ್‌ಬರ್ಗ್ ಮೊದಲ ಡಿಎಚ್ ಆಗಿ ಬಂದರು. ಮೂರೂ ಬೇಸ್ ತುಂಬಿದ್ದಾಗ ಅವರಿಗೆ ಸಿಕ್ಕಿದ್ದು ವಾಕ್.

ನ್ಯಾಷನಲ್ ಲೀಗ್ ಮಾತ್ರ ಒಪ್ಪಲಿಲ್ಲ. 1980ರಲ್ಲಿ ಅಲ್ಲೂ ಮತಕ್ಕೆ ಹಾಕಿದರು. ಫಿಲಡೆಲ್ಫಿಯಾ ತಂಡದ ಮಾಲೀಕರು ಮೀನು ಹಿಡಿಯಲು ಹೋಗಿದ್ದರು. ಅವರನ್ನು ಕೇಳಲು ಆಗಲಿಲ್ಲ ಅಂತ ಅವರ ಪ್ರತಿನಿಧಿ ಮತ ಹಾಕಲಿಲ್ಲ. ಪ್ರಸ್ತಾಪ ಬಿದ್ದುಹೋಯಿತು. ಅಲ್ಲಿಂದ ಮುಂದೆ ನಲವತ್ತು ವರ್ಷ ನ್ಯಾಷನಲ್ ಲೀಗ್‌ನ ಪಿಚರ್‌ಗಳು ಬ್ಯಾಟ್ ಹಿಡಿದರು.

2016ರಲ್ಲಿ ಅಪ್ಪ ಮೈಸೂರಿನಿಂದ ಬಂದಿದ್ದರು. ಜೂನ್ 30ರಂದು ಅವರನ್ನು ಓಕ್ಲೆಂಡ್ ಮೈದಾನಕ್ಕೆ ಕರೆದುಕೊಂಡು ಹೋದೆ. ಎರಡೂ ತಂಡ ಎದುರುಬದುರು. ಓಕ್ಲೆಂಡ್‌ನಲ್ಲಿ ಆಟ ಅಂದರೆ ಜೈಂಟ್ಸ್ ಕೂಡ ಡಿಎಚ್ ಬಳಸಬಹುದು. ಆದರೆ ಮ್ಯಾನೇಜರ್ ಬ್ರೂಸ್ ಬೋಚಿ ಡಿಎಚ್ ಬೇಡ ಅಂದುಬಿಟ್ಟರು. ಪಿಚರ್ ಮ್ಯಾಡಿಸನ್ ಬಮ್‌ಗಾರ್ನರ್ ತಾನೇ ಬ್ಯಾಟ್ ಮಾಡುತ್ತಾನೆ ಅಂತ ಹೆಸರು ಬರೆದುಕೊಟ್ಟರು. ಒಂದು ತಂಡ ಬೇಕಂತಲೇ ಹಾಗೆ ಮಾಡಿದ್ದು 1976ರ ನಂತರ ಅದೇ ಮೊದಲು. ಮೂರನೇ ಇನಿಂಗ್‌ನಲ್ಲಿ ಬಮ್‌ಗಾರ್ನರ್ ಡಬಲ್, ಅಂದರೆ ಎರಡನೇ ಬೇಸ್ ಮುಟ್ಟಿಸುವ ಹೊಡೆತ ಹೊಡೆದ. ಅಲ್ಲಿಂದ ಜೈಂಟ್ಸ್‌ಗೆ ಅದೇ ಇನಿಂಗ್‌ನಲ್ಲಿ ಆರು ರನ್. ಕೊನೆಗೆ 12-6ರಿಂದ ಗೆದ್ದರು.

ಅಪ್ಪನಿಗೆ ಬೇಸ್‌ಬಾಲ್ ಹೊಸದು. ನಾನು ಡಿಎಚ್ ಬಗ್ಗೆ ವಿವರಿಸಿದೆ. ಅವರು ಕೇಳಿದರು, "ಅಲ್ಲಪ್ಪ, ಹಾಗಾದ್ರೆ ನಮ್ಮ ಚಂದ್ರ ಬ್ಯಾಟಿಂಗ್‌ಗೇ ಬರ್ತಿರ್ಲಿಲ್ಲ ಅಲ್ವಾ?"

ಬಿ.ಎಸ್. ಚಂದ್ರಶೇಖರ್. 58 ಟೆಸ್ಟ್, 242 ವಿಕೆಟ್, 167 ರನ್. ತೆಗೆದ ವಿಕೆಟ್‌ಗಿಂತ ಹೊಡೆದ ರನ್ ಕಡಿಮೆ. ಪೋಲಿಯೊ ತಾಗಿದ್ದ ಬಲಗೈಯಲ್ಲಿ ಬೌಲ್ ಮಾಡಿ 1971ರಲ್ಲಿ ಓವಲ್‌ನಲ್ಲಿ 38 ರನ್‌ಗೆ ಆರು ವಿಕೆಟ್ ಕಿತ್ತವರು. ಅವರು ಬ್ಯಾಟ್ ಹಿಡಿದು ಬಂದರೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು ಅಂತ ಅಪ್ಪ ಹೇಳಿದರು. "ಒಂದು ಬಾಲ್ ತಡೆದ್ರೂ ನಮಗೆ ಸೆಂಚುರಿ ಹೊಡೆದಷ್ಟು ಖುಷಿ ಕಣೋ." ಆಮೇಲೆ ಅನಿಲ್ ಕುಂಬ್ಳೆ ವಿಷಯ ಬಂತು. ಅದೇ ಓವಲ್‌ನಲ್ಲಿ 2007ರಲ್ಲಿ, ತಮ್ಮ 118ನೇ ಟೆಸ್ಟ್‌ನಲ್ಲಿ, ಔಟಾಗದೆ 110. ಅಷ್ಟು ವರ್ಷ ಕಾದು ಬಂದ ಒಂದೇ ಒಂದು ಶತಕ. ಬೌಲರ್ ಬ್ಯಾಟ್ ಮಾಡುವುದು ಬೇಡ ಅಂತ ಯಾರೋ ಮೊದಲೇ ತೀರ್ಮಾನ ಮಾಡಿದ್ದರೆ ಆ ದಿನ ನಮಗೆಲ್ಲಿ ಸಿಗುತ್ತಿತ್ತು?

ಬೇಸ್‌ಬಾಲ್‌ನಲ್ಲೂ ಅಂಥ ದಿನಗಳಿವೆ. 1971ರಲ್ಲಿ ಫಿಲಡೆಲ್ಫಿಯಾದ ರಿಕ್ ವೈಸ್ ಎದುರಾಳಿಗೆ ಒಂದೂ ಹಿಟ್ ಕೊಡದೆ ಆಟ ಮುಗಿಸಿ, ಅದೇ ಆಟದಲ್ಲಿ ತಾನೇ ಎರಡು ಹೋಂ ರನ್ (ನಮ್ಮ ಸಿಕ್ಸರ್ ಥರ) ಹೊಡೆದರು. 2016ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಮೆಟ್ಸ್‌ನ ಬಾರ್ಟೊಲೊ ಕೊಲೊನ್ 42ನೇ ವಯಸ್ಸಿನಲ್ಲಿ ತನ್ನ ಮೊದಲ ಹೋಂ ರನ್ ಹೊಡೆದರು. ಬಮ್‌ಗಾರ್ನರ್ 2014ರಲ್ಲಿ ಎರಡು ಗ್ರ್ಯಾಂಡ್ ಸ್ಲ್ಯಾಮ್ (ಮೂರೂ ಬೇಸ್ ತುಂಬಿದ್ದಾಗ ಹೊಡೆಯುವ ಹೋಂ ರನ್) ಹೊಡೆದ. ಅದರಲ್ಲಿ ಒಂದು ದಿನ ಅವನ ಕ್ಯಾಚರ್ ಬಸ್ಟರ್ ಪೋಸಿ ಕೂಡ ಇನ್ನೊಂದು ಗ್ರ್ಯಾಂಡ್ ಸ್ಲ್ಯಾಮ್ ಹೊಡೆದ. ಅದನ್ನು ನೋಡಿ ಮನೆಗೆ ಬರುವಾಗ ರೈಲಿನಲ್ಲಿ ಗುರುತಿಲ್ಲದವರೆಲ್ಲ ಮಾತಾಡುತ್ತಿದ್ದರು.

ಈಗ ಎದುರು ಪಕ್ಷದ ಮಾತು. ಅದರಲ್ಲಿ ಹುರುಳಿದೆ. 2021ರಲ್ಲಿ ಪಿಚರ್‌ಗಳೆಲ್ಲರ ಒಟ್ಟು ಬ್ಯಾಟಿಂಗ್ ಸರಾಸರಿ .110. ನೂರು ಸಲಕ್ಕೆ ಹನ್ನೊಂದು ಹಿಟ್. ದುಡ್ಡು ಕೊಟ್ಟು ಬಂದವರು ಇದನ್ನು ಯಾಕೆ ನೋಡಬೇಕು ಅಂತ ಕೇಳುತ್ತಾರೆ. ಗಾಯದ ಪ್ರಶ್ನೆ ಇನ್ನೂ ದೊಡ್ಡದು. ಯಾಂಕೀಸ್‌ನ ಚಿಯೆನ್-ಮಿಂಗ್ ವಾಂಗ್ 2006ರಲ್ಲಿ 19, 2007ರಲ್ಲಿ 19 ಗೆಲುವು ಪಡೆದವರು. 2008ರಲ್ಲಿ ಹ್ಯೂಸ್ಟನ್‌ನಲ್ಲಿ ಬೇಸ್ ಸುತ್ತಿ ಓಡುವಾಗ ಪಾದಕ್ಕೆ ಪೆಟ್ಟಾಯಿತು. ಆಮೇಲೆ ಅವರು ಮೊದಲಿನ ಹಾಗೆ ಆಗಲೇ ಇಲ್ಲ. 2015ರಲ್ಲಿ ಸೇಂಟ್ ಲೂಯಿಸ್‌ನ ಆ್ಯಡಮ್ ವೇನ್‌ರೈಟ್ ಬ್ಯಾಟಿಂಗ್‌ಗೆ ಹೋಗಿ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡರು. ವಾಂಗ್ ಕಥೆ ನನಗೆ ಇವತ್ತಿಗೂ ನೋವು ಕೊಡುತ್ತದೆ. ಅದನ್ನು ಪಕ್ಕಕ್ಕೆ ತಳ್ಳಿ ಮಾತಾಡಲು ನನಗಾಗುವುದಿಲ್ಲ.

ಆದರೆ ಆ .110ರ ಬಗ್ಗೆ ಒಂದು ಮಾತು ಹೇಳಲೇಬೇಕು. ಶಾಲೆಯ ತಂಡಗಳಲ್ಲಿ ಚೆನ್ನಾಗಿ ಎಸೆಯುವ ಹುಡುಗನೇ ಎಷ್ಟೋ ಸಲ ಚೆನ್ನಾಗಿ ಹೊಡೆಯುವ ಹುಡುಗ ಕೂಡ. ಮೇಲೆ ಹೋದ ಹಾಗೆ ಅವನ ಕೈಯಿಂದ ಬ್ಯಾಟ್ ತೆಗೆದಿಡುತ್ತಾರೆ. ಕೆಳಗಿನ ಲೀಗುಗಳಲ್ಲಿ ಬಹುಪಾಲು ಡಿಎಚ್ ಇರುತ್ತದೆ. ವರ್ಷಗಟ್ಟಲೆ ಬ್ಯಾಟ್ ಮುಟ್ಟದವನನ್ನು ಏಕಾಏಕಿ ಜಗತ್ತಿನ ಅತಿ ವೇಗದ ಎಸೆತದ ಮುಂದೆ ನಿಲ್ಲಿಸಿ, ನೋಡಿ ಇವನಿಗೆ ಬರಲ್ಲ ಅನ್ನುವುದು ಸರಿಯಾ? ಅಭ್ಯಾಸ ತಪ್ಪಿಸಿದವರು ನಾವೇ. ಇನ್ನು ಗಾಯ ಅನ್ನುವುದು ಎಲ್ಲಿ ಬೇಕಾದರೂ ಆಗುತ್ತದೆ. ಬಮ್‌ಗಾರ್ನರ್ 2017ರ ಮೊದಲ ಆಟದಲ್ಲೇ ಎರಡು ಹೋಂ ರನ್ ಹೊಡೆದ, ಏನೂ ಆಗಲಿಲ್ಲ. ಅದೇ ತಿಂಗಳು ರಜಾ ದಿನ ಬೈಕ್ ಓಡಿಸಲು ಹೋಗಿ ಬಿದ್ದು ಭುಜ ಕೆಡಿಸಿಕೊಂಡ.

ಪಿಚಿಂಗ್, ಬ್ಯಾಟಿಂಗ್ ಎರಡೂ ಮಾಡುವ ಶೊಹೆ ಓಟಾನಿ ಇಲ್ವಾ ಅಂತ ಕೇಳುತ್ತೀರಿ. ಇದ್ದಾರೆ. 2025ರ ಅಕ್ಟೋಬರ್ 17ರಂದು, ತಂಡವನ್ನು ವರ್ಲ್ಡ್ ಸೀರೀಸ್‌ಗೆ (ಎರಡೂ ಲೀಗ್ ಗೆದ್ದವರ ಫೈನಲ್) ಒಯ್ದ ಆಟದಲ್ಲಿ ಅವರು ಆರು ಇನಿಂಗ್ ಒಂದೂ ರನ್ ಕೊಡದೆ ಎಸೆದು, ಹತ್ತು ಜನರನ್ನು ಸ್ಟ್ರೈಕ್ ಔಟ್ ಮಾಡಿ, ಮೂರು ಹೋಂ ರನ್ ಹೊಡೆದರು. ಅವರು ಡಾಡ್ಜರ್ಸ್ ಆಟಗಾರ, ನಾನು ಜೈಂಟ್ಸ್ ಅಭಿಮಾನಿ. ಈ ಎರಡು ತಂಡದ ನಡುವಿನ ಹಗೆ ಗೊತ್ತಿರುವವರಿಗೆ ನಾನು ಅವತ್ತು ಎದ್ದು ನಿಂತು ಚಪ್ಪಾಳೆ ತಟ್ಟಿದೆ ಅಂದರೆ ಅರ್ಥ ಆಗುತ್ತದೆ. ಆದರೆ ಈಗಿನ ವ್ಯವಸ್ಥೆಯಲ್ಲಿ ಓಟಾನಿಯಂಥವರು ಒಬ್ಬರೇ ಉಳಿಯುತ್ತಾರೆ. ಪಿಚಿಂಗ್ ಮುಗಿದ ಮೇಲೂ ಬ್ಯಾಟಿಂಗ್ ಮುಂದುವರಿಸಲಿ ಅಂತ 2022ರಲ್ಲಿ ನಿಯಮವನ್ನೇ ಬದಲಿಸಬೇಕಾಯಿತು. ಅವರಷ್ಟು ದೊಡ್ಡವರಲ್ಲದ, ಸುಮಾರಾಗಿ ಹೊಡೆಯಬಲ್ಲ ಹತ್ತು ಹದಿನೈದು ಪಿಚರ್‌ಗಳಿಗೆ ಈಗ ಜಾಗವಿಲ್ಲ. ಬಮ್‌ಗಾರ್ನರ್ ತರಹದವರಿಗೆ ಜಾಗವಿಲ್ಲ.

ಅದೇ 2022ರಲ್ಲಿ ನ್ಯಾಷನಲ್ ಲೀಗ್ ಕೂಡ ಡಿಎಚ್ ಒಪ್ಪಿತು. ಪಿಚರ್‌ಗಳು ಬ್ಯಾಟ್ ಹಿಡಿಯಲೇಬೇಕಿದ್ದ ಕೊನೆಯ ವರ್ಲ್ಡ್ ಸೀರೀಸ್ 2021ರದ್ದು. ಅಟ್ಲಾಂಟದಲ್ಲಿ ಐದನೇ ಆಟ. ಹ್ಯೂಸ್ಟನ್ ತಂಡ ಪಿಂಚ್ ಹಿಟರ್ ಆಗಿ ಕಳಿಸಿದ್ದು ಒಬ್ಬ ಪಿಚರ್‌ನನ್ನು, ಜ್ಯಾಕ್ ಗ್ರೆಂಕಿಯನ್ನು. ಹಿಟ್ ಹೊಡೆದ.

ಹಳೆಯದು ಹಾಗೇ ವಾಪಸ್ ಬರಲಿ ಅಂತ ನಾನು ಕೇಳುತ್ತಿಲ್ಲ. ಬರುವುದೂ ಇಲ್ಲ. ಎಡ್ಗರ್ ಮಾರ್ಟಿನೆಜ್, ಡೇವಿಡ್ ಓರ್ಟಿಜ್ ಥರದ ದೊಡ್ಡ ಬ್ಯಾಟರ್‌ಗಳು ಡಿಎಚ್ ಆಗಿಯೇ ಆಡಿ ಹಾಲ್ ಆಫ್ ಫೇಮ್ ಸೇರಿದ್ದಾರೆ, ಅವರ ಕೆಲಸ ಕಸಿಯುವ ಆಸೆಯೂ ನನಗಿಲ್ಲ. ಆದರೆ ನಡುದಾರಿ ಒಂದಿದೆ. ಅಟ್ಲಾಂಟಿಕ್ ಲೀಗ್ ಅನ್ನುವ ಸ್ವತಂತ್ರ ಲೀಗ್‌ನಲ್ಲಿ 2021ರಲ್ಲಿ ಪ್ರಯೋಗ ಮಾಡಿದರು. ಆಟ ಶುರು ಮಾಡಿದ ಪಿಚರ್ ಎಸೆಯುತ್ತಿರುವವರೆಗೆ ಮಾತ್ರ ತಂಡಕ್ಕೆ ಡಿಎಚ್. ಅವನನ್ನು ತೆಗೆದ ತಕ್ಷಣ ಡಿಎಚ್ ಕೂಡ ಹೋಗುತ್ತಾನೆ. ಇದರಲ್ಲಿ ಆ ಗಂಟು ವಾಪಸ್ ಬರುತ್ತದೆ ನೋಡಿ. ಪಿಚರ್‌ನನ್ನು ಐದನೇ ಇನಿಂಗ್‌ನಲ್ಲಿ ಸುಮ್ನೆ ಎಬ್ಬಿಸಿ ಕಳಿಸಿದರೆ ಅದಕ್ಕೆ ಬೆಲೆ ಕೊಡಬೇಕು. ಆರನೇ ಇನಿಂಗ್‌ನಲ್ಲಿ ಮ್ಯಾನೇಜರ್ ಮತ್ತೆ ಗಲ್ಲಕ್ಕೆ ಕೈ ಹಚ್ಚಿ ಯೋಚನೆ ಮಾಡಬೇಕು. ನಮ್ಮ ಇಂಪ್ಯಾಕ್ಟ್ ಪ್ಲೇಯರ್‌ಗೂ ಇಂಥದ್ದೇ ಒಂದು ಬೆಲೆ ಕಟ್ಟಿ, ಬೇಕಾದರೆ ಇಟ್ಟುಕೊಳ್ಳಿ ಅನ್ನುತ್ತೇನೆ ನಾನು.

ಓಕ್ಲೆಂಡ್ ತಂಡ 2024ರ ನಂತರ ಊರು ಬಿಟ್ಟಿತು. ಅಪ್ಪ ಕೂತಿದ್ದ ಆ ಮೈದಾನದಲ್ಲಿ ಈಗ ಅವರ ಆಟವಿಲ್ಲ. ಜಪಾನ್‌ನಲ್ಲಿ ಪೆಸಿಫಿಕ್ ಲೀಗ್ 1975ರಲ್ಲೇ ಡಿಎಚ್ ತಂದಿತ್ತು, ಸೆಂಟ್ರಲ್ ಲೀಗ್ ಇಷ್ಟು ವರ್ಷ ಬೇಡ ಅಂತ ತಡೆದಿತ್ತು. ಈಗ ಅವರೂ 2027ರಿಂದ ಡಿಎಚ್ ಅಂತ ಘೋಷಿಸಿದ್ದಾರೆ. ಅಂದರೆ 2026 ಅಲ್ಲಿ ಕೊನೆಯ ವರ್ಷ. ನನ್ನ ಮಗನಿಗೆ ಈಗ ಹತ್ತು. ಅವನ ತಂಡದಲ್ಲಿ ಅವನೇ ಪಿಚರ್, ಬ್ಯಾಟಿಂಗ್‌ನಲ್ಲಿ ಮೂರನೆಯವನು. ದೊಡ್ಡವರ ಆಟದಲ್ಲಿ ಪಿಚರ್ ತನ್ನ ಸರದಿಗೆ ಹೆಲ್ಮೆಟ್ ಹಾಕಿಕೊಂಡು ಬರುವುದನ್ನು ಅವನು ವಿಡಿಯೊದಲ್ಲಿ ಬಿಟ್ಟರೆ ನೋಡಿದ ನೆನಪಿಲ್ಲ. ಜುಲೈನಲ್ಲಿ ಅವನನ್ನು ಕರೆದುಕೊಂಡು ಕೋಶಿಯೆನ್ ಮೈದಾನಕ್ಕೆ ಹೋಗಬೇಕು, ಸೆಂಟ್ರಲ್ ಲೀಗ್‌ನ ಹಾನ್‌ಶಿನ್ ಟೈಗರ್ಸ್ ಆಟ ನೋಡಬೇಕು ಅಂತ ದುಡ್ಡು ಕೂಡಿಡುತ್ತಿದ್ದೇನೆ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಒಂಬತ್ತನೆಯವನು ಬಂದಾಗ ನನಗೆ ವಿಡಿಯೊ ಕಾಲ್ ಮಾಡು ಅಂದರು.